ಹಳೆ 350ಕ್ಕೆ ಯಾವ ಗೇರ್‌ಬಾಕ್ಸ್, ಯಾವ ಫ್ಲೈವೀಲ್?

ಫ್ಲೈವೀಲ್ (ಎಂಜಿನ್ ಹಿಂದೆ ಕ್ಲಚ್ ಕೂರುವ ಭಾರದ ಚಕ್ರ) ಹಗುರ ಮಾಡಿಸಲಾ ಅಂತ ಯಾರಾದರೂ ಕೇಳಿದರೆ, ನಿಮ್ಮ ಫಸ್ಟ್ ಗೇರ್ ರೇಶಿಯೋ ಎಷ್ಟು ಅಂತ ನಾನು ತಿರುಗಿ ಕೇಳುತ್ತೇನೆ. ರೇಶಿಯೋ ಅಂದರೆ ಗೇರ್‌ಬಾಕ್ಸ್‌ನ ಹೊರಬದಿ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು; ಅದು ಹೆಚ್ಚಿದಷ್ಟೂ ಹೊರಡುವಾಗ ಎಳೆತ ಹೆಚ್ಚು. ಇವೆರಡನ್ನೂ ಜೊತೆಗೇ ಆರಿಸಬೇಕು.

ನನ್ನದು ಶೆವ್ರೊಲೆ 350 (ಘನ ಇಂಚು) ವಿ8 ಎಂಜಿನ್, 1986ಕ್ಕಿಂತ ಹಿಂದಿನದು. ಆ ವರ್ಷದಿಂದ ಕ್ರ್ಯಾಂಕ್‌ನ ಹಿಂಬದಿ ಫ್ಲಾಂಜ್ (ಫ್ಲೈವೀಲನ್ನು ಬೋಲ್ಟ್ ಮಾಡುವ ತಟ್ಟೆ) ಚಿಕ್ಕದಾಯಿತು. ಹಾಗಾಗಿ ಹೊಸದರ ಫ್ಲೈವೀಲ್ ಹಳೆಯದಕ್ಕೆ ಕೂರುವುದಿಲ್ಲ.

ಮೊದಲಿಗಿದ್ದದ್ದು ನಾಲ್ಕು ಗೇರಿನ ಮನ್ಸಿ ಎಂ21 ಗೇರ್‌ಬಾಕ್ಸ್, ಜೊತೆಗೆ 168 ಹಲ್ಲಿನ ಕಬ್ಬಿಣದ ಫ್ಲೈವೀಲ್, ತೂಕ ಸುಮಾರು 30 ಪೌಂಡ್. ಎಂ21ರ ಫಸ್ಟ್ ಗೇರ್ ಬರೀ 2.20. ಆದರೂ ಕ್ಲಚ್ ಬಿಡುವಾಗ ಭಾರದ ಚಕ್ರವೇ ಕಾರನ್ನು ಎಳೆದುಕೊಂಡು ಹೋಗುತ್ತದೆ. ತೊಂದರೆ ಇರುವುದು ಹೈವೇಯಲ್ಲಿ. ನಾಲ್ಕನೇ ಗೇರ್ 1.00. ಎಂಜಿನ್ ಕಿರುಚುತ್ತಲೇ ಇರುತ್ತದೆ.

ಅದೇ ಮನ್ಸಿಗೆ 153 ಹಲ್ಲಿನ ಅಲ್ಯೂಮಿನಿಯಂ ಫ್ಲೈವೀಲ್ ಹಾಕಿ ನೋಡಿದೆ, ತೂಕ ಹೆಚ್ಚುಕಮ್ಮಿ ಅರ್ಧ. ಚಕ್ರ ಚಿಕ್ಕದಾದ್ದರಿಂದ ಕ್ಲಚ್ 11 ಇಂಚಿನಿಂದ 10.4ಕ್ಕೆ ಇಳಿಯಿತು, ಸ್ಟಾರ್ಟರ್‌ನ ಮೂತಿಯೂ ಬೇರೆಯದೇ ಬೇಕಾಯಿತು. ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಆರ್‌ಪಿಎಂ ಜಿಗಿಯುತ್ತದೆ. ಗೇರ್ ಇಳಿಸುವಾಗ ಮಜಾ ಇದೆ. ಆದರೆ ಏರಿನಲ್ಲಿ ನಿಂತು ಹೊರಡುವಾಗ ಸ್ವಲ್ಪ ಆಕ್ಸಿಲರೇಟರ್ ಕಡಿಮೆಯಾದರೂ ಎಂಜಿನ್ ಆಫ್. ಜಾಸ್ತಿ ಕೊಟ್ಟರೆ ಕ್ಲಚ್ ಸುಟ್ಟ ವಾಸನೆ. ಟ್ರಾಫಿಕ್‌ನಲ್ಲಂತೂ ಸಾಕುಸಾಕಾಯಿತು.

ಆಮೇಲೆ ಬಂದದ್ದು ಶೆವ್ರೊಲೆಯದೇ ಕ್ಯಾಮರೋ ಕಾರಿನ ಐದು ಗೇರಿನ ಟಿ5 ಗೇರ್‌ಬಾಕ್ಸ್. ಫಸ್ಟ್ 2.95, ಐದನೆಯದು 0.63. ಅದೇ ಹಗುರ ಫ್ಲೈವೀಲ್ ಇಲ್ಲಿ ತಕರಾರಿಲ್ಲದೆ ಹೊರಡುತ್ತದೆ. ಹಗುರ ಮಾಡಿದ್ದರ ಲಾಭವೂ ಇಲ್ಲೇ ಹೆಚ್ಚು. ಫ್ಲೈವೀಲ್ ಕಾರಿನ ಮೇಲೆ ಹೊರಿಸುವ ಭಾರ ಗೇರ್ ರೇಶಿಯೋದ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ. 2.20 ಹೋಗಿ 2.95 ಬಂದರೆ ಸುಮಾರು 1.8 ಪಟ್ಟು. ನಾಲ್ಕನೇ ಗೇರ್‌ನಲ್ಲಿ 3000 ಆರ್‌ಪಿಎಂ ಇದ್ದದ್ದು ಐದರಲ್ಲಿ 1900ರ ಆಸುಪಾಸು. ಕಾರಿನೊಳಗೆ ಮಾತಾಡಬಹುದು!

ಕೂರಿಸುವ ಕೆಲಸದಲ್ಲಿ ಮನ್ಸಿ ಸುಲಭ. ಕ್ಯಾಮರೋ ಟಿ5 ತನ್ನದೇ ಬೆಲ್ ಹೌಸಿಂಗ್‌ನಲ್ಲಿ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ, ಕ್ಲಚ್ಚನ್ನು ಮುಚ್ಚುವ ಕವಚ) 17 ಡಿಗ್ರಿ ವಾಲಿಕೊಂಡು ಕೂರುತ್ತದೆ. ಕ್ಲಚ್ ಪ್ಲೇಟ್ ಕೂಡ 26 ಸ್ಪ್ಲೈನಿನದು (ಗೇರ್‌ಬಾಕ್ಸ್ ಶಾಫ್ಟ್‌ಗೆ ಕಚ್ಚಿಕೊಳ್ಳುವ ಹಲ್ಲುಗಳು) ಬೇಕು. ಬೆಲ್ ಹೌಸಿಂಗ್ ಬದಲಿಸಿದ ಮೇಲೆ ಅದು ಕ್ರ್ಯಾಂಕ್‌ನ ನೇರಕ್ಕೆ ಕೂತಿದೆಯಾ ಅಂತ ಡಯಲ್ ಗೇಜ್ (ಮುಳ್ಳಿನ ಅಳತೆಮಾಪಕ) ಇಟ್ಟು ನೋಡದೆ ಮುಂದೆ ಹೋಗಬೇಡಿ. ಗೇಜನ್ನು ಫ್ಲೈವೀಲ್‌ಗೆ ಬಿಗಿದು, ಅದರ ತುದಿಯನ್ನು ಹೌಸಿಂಗ್‌ನ ನಡುವಿನ ದೊಡ್ಡ ತೂತಿನ ಒಳಅಂಚಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಲ್ಲಿ ನಿಧಾನ ತಿರುಗಿಸಿ. ಪೂರ್ತಿ ಸುತ್ತಿನಲ್ಲಿ ಮುಳ್ಳು 0.005 ಇಂಚಿಗಿಂತ ಹೆಚ್ಚು ಆಡಿದರೆ ಆಫ್‌ಸೆಟ್ ಡೋವೆಲ್ (ಹೌಸಿಂಗನ್ನು ಸ್ವಲ್ಪ ಸರಿಸುವ, ನಡು ತಪ್ಪಿಸಿದ ಗೂಟ) ಹಾಕಿ ಸರಿಮಾಡಲೇಬೇಕು. ಸುಮ್ನೆ ಬಿಟ್ಟರೆ ಪೈಲಟ್ ಬುಷ್ (ಕ್ರ್ಯಾಂಕ್‌ನ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟ್‌ನ ಮೂತಿಗೆ ಆಸರೆಯಾಗುವ ಬುಷ್) ಹಾಳು, ಗೇರ್ ಬೀಳುವುದೂ ಕಷ್ಟ.

ದಿನಾ ಓಡಿಸುವ ಕಾರಿಗೆ ನನ್ನ ಆಯ್ಕೆ ಟಿ5. ಆದರೆ ಅದಕ್ಕೆ ಗಟ್ಟಿತನ ಕಡಿಮೆ. 1987ರಿಂದ 1992ರವರೆಗಿನ ಕ್ಯಾಮರೋದಲ್ಲಿ 350 ಬೇಕೆಂದರೆ ಆಟೊಮ್ಯಾಟಿಕ್ಕೇ ಗತಿಯಾಗಿತ್ತು, ಯಾಕಂದ್ರೆ ಟಿ5 ಆ ಟಾರ್ಕ್ (ಎಂಜಿನ್‌ನ ತಿರುಗಿಸುವ ಬಲ) ತಾಳುತ್ತಿರಲಿಲ್ಲ. ಎಂಜಿನ್ನನ್ನು ಇನ್ನೂ ಜೋರು ಮಾಡಿಸಿ, ಕ್ಲಚ್ಚನ್ನು ಧಡ್ ಅಂತ ಬಿಟ್ಟು ಹಾರಿಸುವವರು ಮನ್ಸಿಯನ್ನೇ ಇಟ್ಟುಕೊಳ್ಳಿ. ಜೊತೆಗೆ ಭಾರದ ಫ್ಲೈವೀಲೂ ಇರಲಿ.