ವಸಡಿನ ಚಿಕಿತ್ಸೆ: ತಡವಾಗಿ ಹೋದವಳ ಅನುಭವ

ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೂ ನೋವಿಲ್ಲವಲ್ಲ ಎಂದು 2 ವರ್ಷ ಸುಮ್ಮನಿದ್ದೆ. ಕೊನೆಗೆ ಹೋದ ಈ ಹಲ್ಲಿನ ಕ್ಲಿನಿಕ್ಕಿನಲ್ಲಿ ನನಗೆ ತುಂಬ ಹಿಡಿಸಿದ್ದು ಡಾಕ್ಟರಮ್ಮನ ತಾಳ್ಮೆ. ತೆಳ್ಳನೆಯ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ 6 ಕಡೆ ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ ಅಳೆದು, ಅಂಕಿ ಹೇಳಿ ಬರೆಸಿದರು. 3 ಮಿ.ಮೀ.ವರೆಗೆ ಸರಿಯಂತೆ, ನನ್ನ ದವಡೆ ಹಲ್ಲುಗಳಲ್ಲಿ 5, ಒಂದು ಕಡೆ 6! ಎಕ್ಸ್‌ರೇಯಲ್ಲಿ ಮೂಳೆ ಕರಗಿರುವುದನ್ನೂ ತೋರಿಸಿದರು. ಬರೀ ವಸಡು ಊದಿದ ಹಂತದಲ್ಲೇ ಬಂದಿದ್ದರೆ ಕ್ಲೀನಿಂಗ್ ಮಾಡಿಸಿ, ಸರಿಯಾಗಿ ಹಲ್ಲುಜ್ಜಿದ್ದರೆ ಪೂರ್ತಿ ವಾಸಿಯಾಗುತ್ತಿತ್ತು. ಹೋದ ಮೂಳೆ ತಾನಾಗಿ ಮರಳಿ ಬರುವುದಿಲ್ಲ. ಅದನ್ನು ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು.

ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಸಡಿನಡಿಯ ಗಟ್ಟಿ ಕೊಳೆ ಕೆರೆದು ತೆಗೆದರು. 3 ತಿಂಗಳ ಬಳಿಕ ಆಳ 4ಕ್ಕೆ ಇಳಿದಿದೆ, ರಕ್ತ ನಿಂತಿದೆ. ಅಪಾಯಿಂಟ್‌ಮೆಂಟ್ ಇದ್ದರೂ ಮುಕ್ಕಾಲು ಗಂಟೆ ಕಾಯಿಸಿದ್ದು ಬೇಸರ. ಮುಂದಿನ ವಾರ ಅಣ್ಣನನ್ನೂ ಕರೆದೊಯ್ಯುತ್ತಿದ್ದೇನೆ, ಅವನಿಗೂ ರಕ್ತ ಬರುತ್ತಿದೆ.