ಅರಮನೆ ಮೈದಾನವೋ, ಕಾನ್ಸರ್ಟ್ ಫಿಲ್ಮೋ?

ರಾಕ್ ಬ್ಯಾಂಡನ್ನು ಕಣ್ಣೆದುರು ನೋಡೋದು ಮೇಲೋ, ಒಳ್ಳೆಯ ಕಾನ್ಸರ್ಟ್ ಫಿಲ್ಮಿನಲ್ಲಿ ನೋಡೋದು ಮೇಲೋ? ಯಾರನ್ನು ಕೇಳಿದರೂ ಮೊದಲನೆಯದೇ ಅಂತಾರೆ. ನನಗೆ ಅದು ಅಷ್ಟು ಸುಲಭದ ಪ್ರಶ್ನೆ ಅಲ್ಲ. ಬೆಂಗಳೂರಿನಲ್ಲಿ ಇದ್ದವರಿಗೆ ಒಂದು ಅದೃಷ್ಟ ಇತ್ತು. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್, 2007ರಲ್ಲಿ ಐರನ್ ಮೇಡನ್ ಮತ್ತು ಏರೋಸ್ಮಿತ್, 2011ರಲ್ಲಿ ಮೆಟಾಲಿಕಾ, ಎಲ್ಲರೂ ಅರಮನೆ ಮೈದಾನಕ್ಕೆ ಬಂದು ನುಡಿಸಿ ಹೋದರು. ಈ ಬ್ಯಾಂಡುಗಳ ಫಿಲ್ಮುಗಳನ್ನೂ ನಾನು ಮೊದಲು ಟೇಪಿನಲ್ಲಿ, ಆಮೇಲೆ ಡಿವಿಡಿಯಲ್ಲಿ, ಈಗ ದೊಡ್ಡ ಪರದೆಯ ಮೇಲೆ ಮತ್ತೆ ಮತ್ತೆ ನೋಡುತ್ತಾ ಬಂದಿದ್ದೇನೆ. ಹಾಗಾಗಿ ಒಂದೇ ಬ್ಯಾಂಡನ್ನು ಎರಡೂ ಕಡೆ ಇಟ್ಟು ತೂಗೋಕೆ ನನಗೆ ಸಾಧ್ಯ ಆಯಿತು.

ಐರನ್ ಮೇಡನ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ಇಲ್ಲಿ ತೀರ್ಪು ಬೇಗ ಸಿಗುತ್ತದೆ. 2007ರ ಮಾರ್ಚ್ 17. ಮೊದಲು ದೆಹಲಿಯ ಪರಿಕ್ರಮ ಅನ್ನೋ ರಾಕ್ ಬ್ಯಾಂಡ್ ನುಡಿಸಿತು. ಮಧ್ಯಾಹ್ನದಿಂದಲೇ ಮೈದಾನದ ಹೊರಗೆ ಕಪ್ಪು ಟೀ ಶರ್ಟುಗಳ ಸಾಲು. ಈಶಾನ್ಯ ರಾಜ್ಯಗಳಿಂದ ದಿನಗಟ್ಟಲೆ ರೈಲಿನಲ್ಲಿ ಕೂತು ಬಂದ ಹುಡುಗರು ಆ ಸಾಲಿನಲ್ಲಿದ್ದರು. ಅವರ ಕಣ್ಣಲ್ಲಿ ನಿದ್ದೆಯೂ ಇರಲಿಲ್ಲ, ಸುಸ್ತೂ ಇರಲಿಲ್ಲ. 'ಫಿಯರ್ ಆಫ್ ದ ಡಾರ್ಕ್' ಶುರುವಾಗುವಾಗ ಗಿಟಾರಿನಲ್ಲಿ ಒಂದು ಸಾಲು ಬರುತ್ತದಲ್ಲ, ಅದನ್ನು ಜನ ಹಾಡ್ತಾರೆ. ಪದ ಇಲ್ಲ, ಬರೀ ಸ್ವರ. ಮೈದಾನದ ಹಿಂದಿನಿಂದ ಆ ಸ್ವರ ಎದ್ದು ನನ್ನ ಬೆನ್ನಿಗೆ ಬಡಿದು ಮುಂದೆ ಹೋಗಿ ವೇದಿಕೆಯಿಂದ ಬರುವ ಗಿಟಾರಿನ ಜೊತೆ ಸೇರಿಕೊಂಡಿತು, ಆ ಹೊತ್ತಿನಲ್ಲಿ ಯಾರು ನುಡಿಸ್ತಿದ್ದಾರೆ ಯಾರು ಕೇಳ್ತಿದ್ದಾರೆ ಅನ್ನೋ ಗೆರೆಯೇ ಇರಲಿಲ್ಲ.

ಇದಕ್ಕೆ ಎದುರಾಗಿ ಮೇಡನ್‌ನದ್ದೇ ಫಿಲ್ಮು 'ಫ್ಲೈಟ್ 666'. ಸ್ಯಾಮ್ ಡನ್ ಮತ್ತು ಸ್ಕಾಟ್ ಮ್ಯಾಕ್‌ಫೇಡಿಯನ್ ಮಾಡಿದ್ದು, 2009ರಲ್ಲಿ ಬಂತು. ಬೋಯಿಂಗ್ 757 ವಿಮಾನವನ್ನು ಗಾಯಕ ಬ್ರೂಸ್ ಡಿಕಿನ್ಸನ್ ತಾನೇ ಹಾರಿಸಿಕೊಂಡು ದೇಶ ದೇಶ ಸುತ್ತುವ ಕಥೆ. ಪ್ರವಾಸದ ಮೊದಲ ಕಾರ್ಯಕ್ರಮ 2008ರ ಫೆಬ್ರವರಿ 1ರಂದು ಮುಂಬೈಯಲ್ಲಿ. ಚೆನ್ನಾಗಿದೆ, ಖಂಡಿತ ಚೆನ್ನಾಗಿದೆ. ಆದರೆ ಅದೇ ಜನರ ಹಾಡು ಸ್ಪೀಕರಿನಲ್ಲಿ ಬಂದಾಗ ಅದು ಹಾಡಿನ ಹಿಂದಿನ ಗದ್ದಲ ಅಷ್ಟೇ ಆಗುತ್ತದೆ. ಬೆನ್ನಿಗೆ ಬಡಿಯಲ್ಲ. ಎಷ್ಟು ಜೋರಾಗಿ ಹಾಕಿದರೂ ಇಲ್ಲ. ಮೇಡನ್ ವಿಷಯದಲ್ಲಿ ಮೈದಾನವೇ ಗೆದ್ದಿತು, ಇದರಲ್ಲಿ ನನಗೆ ಎರಡು ಮಾತಿಲ್ಲ. ಫಿಲ್ಮಿನಲ್ಲಿ ಒಂದು ಶಾಟ್ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಕೊಲಂಬಿಯಾದ ಬೊಗೋಟಾದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಅಭಿಮಾನಿ ಡ್ರಮ್ ಬಡಿಯುವ ಕೋಲನ್ನು ಕೈಯಲ್ಲಿ ಹಿಡಿದು ಸುಮ್ನೆ ಅಳ್ತಾ ನಿಂತಿರ್ತಾನೆ. ಮೈದಾನದಲ್ಲಿ ನಿಂತಿದ್ದರೆ ನಾನು ಅವನನ್ನು ನೋಡುತ್ತಲೇ ಇರಲಿಲ್ಲ. ನಾನು ವೇದಿಕೆ ಕಡೆ ತಿರುಗಿರುತ್ತಿದ್ದೆ.

ರೋಲಿಂಗ್ ಸ್ಟೋನ್ಸ್ ವಿಷಯ ಇಷ್ಟು ಸರಳ ಅಲ್ಲ. 2003ರ ಏಪ್ರಿಲ್ 4, ಬೆಂಗಳೂರಿನ ಏಪ್ರಿಲ್ ಮಳೆ ಗೊತ್ತಲ್ಲ, ಆವತ್ತೂ ಅದೇ. ಕೆಂಪು ಮಣ್ಣು ಕೆಸರಾಗಿತ್ತು. ಮಳೆಗೆ ಯಾರೂ ಹೊರಟು ಹೋಗಲಿಲ್ಲ. ನಾನು ನಿಂತ ಜಾಗದಿಂದ ಗಾಯಕ ಮಿಕ್ ಜಾಗರ್ ಹೆಬ್ಬೆರಳಿನಷ್ಟು ಕಾಣ್ತಿದ್ದ, ಆದರೂ ಆ ಹೆಬ್ಬೆರಳಿನಷ್ಟು ಮನುಷ್ಯ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುವಾಗ ಮೈದಾನದ ಅಷ್ಟೂ ತಲೆಗಳು ಅವನ ಜೊತೆ ತಿರುಗುತ್ತಿದ್ದವು. ಅವನಿಗಾಗಲೇ ಐವತ್ತೊಂಬತ್ತು ವರ್ಷ! ನನ್ನ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಅರವತ್ತರ ದಶಕದಿಂದ ಇದಕ್ಕೆ ಕಾದಿದ್ದೇನೆ ಅಂದರು. ಅವರ ಕನ್ನಡಕದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಆದರೆ ಸಂಗೀತ? ಡ್ರಮ್ಮರ್ ಚಾರ್ಲಿ ವಾಟ್ಸ್ ಕೈ ನನಗೆ ಆವತ್ತು ಕಾಣಲೇ ಇಲ್ಲ. ಅದು ಕಂಡಿದ್ದು ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿಯ 'ಶೈನ್ ಎ ಲೈಟ್'ನಲ್ಲಿ. 2006ರಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರಿನಲ್ಲಿ ಶೂಟ್ ಮಾಡಿ 2008ರಲ್ಲಿ ಬಿಡುಗಡೆ ಮಾಡಿದ್ದು. ಬೀಕನ್ ಸಣ್ಣ ಜಾಗ, ಕ್ಯಾಮೆರಾಗಳು ವೇದಿಕೆಗೆ ಅಂಟಿಕೊಂಡೇ ಇವೆ. ಚಾರ್ಲಿ ಎಡಗೈಯಿಂದ ಸ್ನೇರ್ ಡ್ರಮ್ ಬಾರಿಸುವ ಕ್ಷಣದಲ್ಲಿ ಬಲಗೈಯನ್ನು ಹೈ-ಹ್ಯಾಟ್ ಅನ್ನೋ ಜೋಡಿ ತಾಳದಿಂದ ಎತ್ತಿಬಿಡ್ತಾನೆ. ಹೆಚ್ಚಿನ ಡ್ರಮ್ಮರುಗಳು ಎರಡೂ ಕೈಯನ್ನು ಒಟ್ಟಿಗೆ ಬೀಳಿಸುವ ಜಾಗದಲ್ಲಿ ಇವನದು ಒಂದೇ ಪೆಟ್ಟು. ಆ ಚಿಕ್ಕ ಖಾಲಿ ಜಾಗದಿಂದಲೇ ಸ್ಟೋನ್ಸ್ ಲಯಕ್ಕೆ ಆ ಸಡಿಲ, ಆ ಓಲಾಟ ಬರೋದು. ವರ್ಷಗಟ್ಟಲೆ ಕಿವಿಯಲ್ಲಿ ಕೇಳಿದ್ದು ಹೇಗೆ ಆಗುತ್ತದೆ ಅಂತ ನನಗೆ ತೋರಿಸಿದ್ದು ಫಿಲ್ಮು. ಅದೇ ಫಿಲ್ಮಿನಲ್ಲಿ ಬ್ಲೂಸ್ ಗಾಯಕ ಬಡ್ಡಿ ಗೈ ಬಂದು ಮಡ್ಡಿ ವಾಟರ್ಸನ ಹಾಡು ಹೇಳ್ತಾನೆ. ಹಾಡು ಮುಗಿದ ಮೇಲೆ ಸ್ಟೋನ್ಸ್ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ತನ್ನ ಗಿಟಾರನ್ನೇ ಕಳಚಿ ಅವನಿಗೆ ಕೊಟ್ಟುಬಿಡ್ತಾನೆ. ಎರಡು ಗಂಟೆಯ ಫಿಲ್ಮಿನಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಆದರೂ ಒಂದು ದೂರು ಇದೆ. ಮುಂದಿನ ಸಾಲಿನಲ್ಲಿ ಕಾಣುವ ಮುಖಗಳೆಲ್ಲ ಬೇಕಂತಲೇ ತಂದು ನಿಲ್ಲಿಸಿದ ಹಾಗಿವೆ. ಮಳೆಯಲ್ಲಿ ನೆನೆದ ಆ ಹಿರಿಯರ ಮುಖ ಅಲ್ಲಿ ಎಲ್ಲೂ ಇಲ್ಲ.

ಇನ್ನು ಸ್ಟೋನ್ಸ್‌ನದ್ದೇ ಹಳೆಯ ಫಿಲ್ಮು 'ಗಿಮ್ಮಿ ಶೆಲ್ಟರ್'. ನಿರ್ದೇಶನ ಮೇಸಲ್ಸ್ ಸಹೋದರರು ಮತ್ತು ಶಾರ್ಲಟ್ ಜ್ವೆರಿನ್, 1970. ಇದನ್ನು ಬೇರೆ ಯಾವುದರ ಪಕ್ಕದಲ್ಲೂ ಇಡೋದು ಕಷ್ಟ. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಉಚಿತ ಕಾರ್ಯಕ್ರಮ, ಸುಮಾರು ಮೂರು ಲಕ್ಷ ಜನ, ವೇದಿಕೆ ಬರೀ ಸೊಂಟದೆತ್ತರ, ಕಾವಲಿಗೆ ಹೆಲ್ಸ್ ಏಂಜಲ್ಸ್ ಅನ್ನೋ ಬೈಕ್ ಗುಂಪು. ಮೆರೆಡಿತ್ ಹಂಟರ್ ಅನ್ನೋ ಹದಿನೆಂಟು ವರ್ಷದ ಹುಡುಗ ಹಾಡು ನಡೀತಿರುವಾಗಲೇ ಇರಿತಕ್ಕೆ ಸಿಕ್ಕಿ ಸತ್ತ. ಜಾಗರ್ ಎಡಿಟಿಂಗ್ ಮೇಜಿನ ಮುಂದೆ ಕೂತು ಆ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ನೋಡ್ತಾನೆ. ಸಂತೋಷಕ್ಕೆ ಅಂತ ಯಾರೂ ಇದನ್ನು ನೋಡಲಾರರು. ಆದರೆ ಅದರ ನಡುವೆ ಮಸಲ್ ಶೋಲ್ಸ್ ಸ್ಟುಡಿಯೋದ ಒಂದು ದೃಶ್ಯ ಇದೆ. ಆಗಷ್ಟೇ ರೆಕಾರ್ಡ್ ಮಾಡಿದ 'ವೈಲ್ಡ್ ಹಾರ್ಸಸ್' ಅನ್ನು ಬ್ಯಾಂಡಿನವರು ಕೂತು ಕೇಳ್ತಾರೆ. ಯಾರೂ ಏನೂ ಮಾಡಲ್ಲ. ಕೀತ್ ಕಣ್ಣು ಮುಚ್ಚಿ ಮಲಗಿದ್ದಾನೆ, ಕ್ಯಾಮೆರಾ ಚಾರ್ಲಿಯ ಮುಖದ ಮೇಲೆ ನಿಂತೇ ಇದೆ. ನಾನು ನೋಡಿದ ರಾಕ್ ಫಿಲ್ಮುಗಳಲ್ಲಿ ಅತಿ ಒಳ್ಳೆಯ ಕೆಲವು ನಿಮಿಷ ಅಂದರೆ ಇವೇ, ಅಲ್ಲಿ ಯಾರೂ ನುಡಿಸ್ತಾ ಇಲ್ಲ ಅನ್ನೋದನ್ನೂ ಗಮನಿಸಿ. ಹಾಗಾಗಿ ಸ್ಟೋನ್ಸ್ ಲೆಕ್ಕ ಹೀಗೆ: ಮೈದಾನದ ಆ ರಾತ್ರಿ 'ಶೈನ್ ಎ ಲೈಟ್'ಗಿಂತ ಮೇಲೆ, 'ಗಿಮ್ಮಿ ಶೆಲ್ಟರ್' ಎರಡಕ್ಕಿಂತ ಮೇಲೆ.

ಪಿಂಕ್ ಫ್ಲಾಯ್ಡ್‌ಗೆ ಬಂದರೆ ತೀರ್ಪು ಪೂರ್ತಿ ತಿರುಗುತ್ತದೆ. ಆ ಬ್ಯಾಂಡಿನಲ್ಲಿದ್ದ ರೋಜರ್ ವಾಟರ್ಸ್ 2002ರಲ್ಲಿ 'ಇನ್ ದ ಫ್ಲೆಶ್' ಪ್ರವಾಸದಲ್ಲಿ ಬಂದಾಗ ಬೆಂಗಳೂರು ಅದಕ್ಕೆ ಎಷ್ಟು ಹಸಿದಿತ್ತು ಅಂದರೆ 'ವಿಶ್ ಯು ವರ್ ಹಿಯರ್' ಮೊದಲ ತಂತಿ ಮೀಟಿದ ಕೂಡಲೇ ಅವನ ದನಿ ಕೇಳದಷ್ಟು ಜನರ ದನಿ ಎದ್ದಿತು. ನಾನೂ ಹಾಡಿದೆ, ಗಂಟಲು ಕಟ್ಟುವಷ್ಟು ಹಾಡಿದೆ. ಆದರೆ ಫ್ಲಾಯ್ಡ್ ಸಂಗೀತದ ಅರ್ಧ ಇರೋದು ಸದ್ದು ನಿಧಾನಕ್ಕೆ ಇಳಿದು ಮತ್ತೆ ಏಳುವ ಜಾಗಗಳಲ್ಲಿ. ಸಿಳ್ಳೆ, ಕೂಗು, ಪಕ್ಕದವರ ಮಾತಿನ ನಡುವೆ ಅವು ಸಿಗಲ್ಲ. 'ಸೆಟ್ ದ ಕಂಟ್ರೋಲ್ಸ್ ಫಾರ್ ದ ಹಾರ್ಟ್ ಆಫ್ ದ ಸನ್' ಆ ಪ್ರವಾಸದ ಹಾಡುಗಳಲ್ಲಿ ಒಂದು. ಅದನ್ನು ನಾನು ಸರಿಯಾಗಿ ಕೇಳಿದ್ದು ಮನೆಯಲ್ಲಿ, ಅದೇ ಪ್ರವಾಸದ ಫಿಲ್ಮಿನಲ್ಲಿ. 2000ದಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಶೂಟ್ ಮಾಡಿದ್ದು. 'ಡಾಗ್ಸ್' ಹಾಡಿನ ನಡುವೆ ಕೀಬೋರ್ಡ್ ಒಂದೇ ನುಡಿಯುವಾಗ ಉಳಿದವರು ವೇದಿಕೆ ಮೇಲೆ ಮೇಜು ಹಾಕಿಕೊಂಡು ಇಸ್ಪೀಟ್ ಆಡ್ತಾ ಕೂರ್ತಾರೆ ನೋಡಿ, ಅಷ್ಟು ಸಮಾಧಾನ ಆ ಸಂಗೀತಕ್ಕೆ ಬೇಕು.

ಆದರೆ ಇವೆರಡನ್ನೂ ಪಕ್ಕಕ್ಕೆ ಸರಿಸುವುದು ಪಿಂಕ್ ಫ್ಲಾಯ್ಡ್‌ನ 'ಲೈವ್ ಅಟ್ ಪಾಂಪೇ'. ಏಡ್ರಿಯನ್ ಮೇಬನ್ ಅನ್ನೋ ನಿರ್ದೇಶಕ ಇಟಲಿಯ ಪುರಾತನ ಹಾಳೂರು ಪಾಂಪೇಗೆ ಸುತ್ತಾಡಲು ಹೋದವನು ಪಾಸ್‌ಪೋರ್ಟ್ ಕಳೆದುಕೊಂಡ. ಸಂಜೆ ಹೊತ್ತು ಅದನ್ನು ಹುಡುಕ್ತಾ ಖಾಲಿ ರಂಗಸ್ಥಳಕ್ಕೆ ವಾಪಸ್ ಬಂದಾಗ ಅವನಿಗೆ ಈ ಯೋಚನೆ ಹೊಳೆಯಿತು. ಕಾನ್ಸರ್ಟು, ಆದರೆ ಪ್ರೇಕ್ಷಕರೇ ಇಲ್ಲ. 1971ರ ಅಕ್ಟೋಬರಿನಲ್ಲಿ ಬ್ಯಾಂಡು ತನ್ನ ಸ್ಪೀಕರುಗಳನ್ನೆಲ್ಲ ಹೊತ್ತು ತಂದಿತು. ತುಟಿ ಆಡಿಸೋದು ಬೇಡ, ನಿಜವಾಗಿ ನುಡಿಸ್ತೀವಿ ಅನ್ನೋದು ಅವರ ಷರತ್ತು. ಕರೆಂಟ್ ಸಾಲದೆ ಮೊದಲ ದಿನಗಳು ಹಾಳಾದವು, ಊರಿನಿಂದ ಉದ್ದದ ಕೇಬಲ್ ಎಳೆದು ಕೆಲಸ ನಡೆಸಿದರು. ಸಮಯ ಸಾಲದ್ದರಿಂದ ಕೆಲವು ಹಾಡುಗಳನ್ನು ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಶೂಟ್ ಮಾಡಿದರು. ಪಾಂಪೇಯ ಬಿಸಿಲು ಎಲ್ಲಿ ನಿಂತು ಸ್ಟುಡಿಯೋದ ಕತ್ತಲು ಎಲ್ಲಿ ಶುರುವಾಯಿತು ಅಂತ ಒಮ್ಮೆ ಗೊತ್ತಾದ ಮೇಲೆ ಪ್ರತಿ ಸಲ ಕಣ್ಣಿಗೆ ಬೀಳುತ್ತದೆ, ಅದರಿಂದ ನನಗೆ ಏನೂ ಕಡಿಮೆ ಆಗಿಲ್ಲ. 'ಒನ್ ಆಫ್ ದೀಸ್ ಡೇಸ್'ನಲ್ಲಿ ಡ್ರಮ್ಮರ್ ನಿಕ್ ಮೇಸನ್ ಕೈಯಿಂದ ಕೋಲು ಜಾರಿ ಹಾರಿ ಹೋಗುತ್ತದೆ, ಅವನು ಬೇರೆಯದನ್ನು ಎತ್ತಿಕೊಂಡು ಲಯ ಬಿಡದೆ ಮುಂದುವರಿಸ್ತಾನೆ. 'ಎಕೋಸ್'ನಲ್ಲಿ ಕೀಬೋರ್ಡಿನ ರಿಚರ್ಡ್ ರೈಟ್ ಮತ್ತು ಗಿಟಾರಿನ ಡೇವಿಡ್ ಗಿಲ್ಮೋರ್ ಇಬ್ಬರ ದನಿ ಸೇರುವ ಜಾಗ, ಸುತ್ತ ಖಾಲಿ ಕಲ್ಲಿನ ಮೆಟ್ಟಿಲು. 2025ರಲ್ಲಿ ಮೂಲ ನೆಗೆಟಿವ್‌ನಿಂದ ಮತ್ತೆ ಸರಿಪಡಿಸಿ, ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ ಧ್ವನಿಯ ಜೊತೆ ಥಿಯೇಟರಿಗೆ ಬಂತು. ದೊಡ್ಡ ತೆರೆಯ ಮೇಲೆ ನೋಡಿದಾಗ ನನ್ನ ಸುತ್ತ ಕೂತವರಲ್ಲಿ ಯಾರೂ ಮಾತಾಡಲಿಲ್ಲ, ಯಾರೂ ಫೋನ್ ತೆಗೆಯಲಿಲ್ಲ. ಮೈದಾನದಲ್ಲಿ ನನಗೆ ಸಿಗದಿದ್ದ ಮೌನ ಅಲ್ಲಿ ಸಿಕ್ಕಿತು.

ಗಿಲ್ಮೋರ್ 2016ರಲ್ಲಿ ಅದೇ ರಂಗಸ್ಥಳಕ್ಕೆ ವಾಪಸ್ ಬಂದು ಪ್ರೇಕ್ಷಕರ ಎದುರು ನುಡಿಸಿದ. ಅದರದ್ದೂ ಫಿಲ್ಮ್ ಇದೆ. ನುಡಿಸಾಣಿಕೆ ಎಲ್ಲೂ ತಪ್ಪಿಲ್ಲ, ಬೆಳಕು ಅದ್ಭುತ. ಆದರೆ ಹಳೆಯದನ್ನು ನೋಡಿದವರಿಗೆ ಅದು ಎಲ್ಲಿ ಬೇಕಾದರೂ ನಡೆಯಬಹುದಾಗಿದ್ದ ಕಾರ್ಯಕ್ರಮ.

ಲೆಡ್ ಜೆಪೆಲಿನ್ ಅನ್ನು ಮೈದಾನದಲ್ಲಿ ನೋಡುವ ಭಾಗ್ಯ ನನಗಿರಲಿಲ್ಲ. ಇಲ್ಲಿ ಫಿಲ್ಮಿಗೆ ಫಿಲ್ಮೇ ಎದುರಾಳಿ. 'ದ ಸಾಂಗ್ ರಿಮೇನ್ಸ್ ದ ಸೇಮ್' (1976) ಹೆಸರು ದೊಡ್ಡದು. 1973ರ ಜುಲೈನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತೆಗೆದದ್ದು ಸಾಲದೆ, ಮರುವರ್ಷ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಶೂಟ್ ಮಾಡಿದರು. ಅಷ್ಟರಲ್ಲಿ ಜಾನ್ ಪಾಲ್ ಜೋನ್ಸ್ ಕೂದಲು ಕತ್ತರಿಸಿದ್ದರಿಂದ ವಿಗ್ ಹಾಕಬೇಕಾಯಿತು. ಅದು ನನಗೆ ತೊಂದರೆ ಇಲ್ಲ. ತೊಂದರೆ ಏನಂದರೆ ಹಾಡು ಏರುವ ಹೊತ್ತಿಗೆ ಸರಿಯಾಗಿ ಕತ್ತಿ, ಕುದುರೆ, ಬೆಟ್ಟದ ಸಾಧು ಅಂತ ಕನಸಿನ ದೃಶ್ಯಗಳನ್ನು ತುರುಕಿದ್ದಾರೆ. ಜಿಮ್ಮಿ ಪೇಜ್ ಬೆರಳು ನೋಡಬೇಕಾದ ಜಾಗದಲ್ಲಿ ಅವನು ಬೆಟ್ಟ ಹತ್ತೋದನ್ನು ನೋಡಬೇಕು. 2003ರಲ್ಲಿ ಬಂದ ಡಿವಿಡಿಯಲ್ಲಿ 1970ರ ಜನವರಿಯ ರಾಯಲ್ ಆಲ್ಬರ್ಟ್ ಹಾಲ್ ಕಾರ್ಯಕ್ರಮ ಇದೆ. ಅಲಂಕಾರ ಏನೂ ಇಲ್ಲ, ನಾಲ್ಕು ಜನ ಹತ್ತಿರ ಹತ್ತಿರ ನಿಂತು ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸ್ತಾರೆ. ಜಾನ್ ಬಾನಮ್ ಡ್ರಮ್ ನೋಡೋಕೆ ಅದೊಂದೇ ಸಾಕು.

'ದ ಲಾಸ್ಟ್ ವಾಲ್ಟ್ಜ್' (1978) ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಒಂದೇ ಗಳಿಗೆ ಹೇಳ್ತೀನಿ. 1976ರ ನವೆಂಬರ್ 25, ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್, 'ದ ಬ್ಯಾಂಡ್' ಗುಂಪಿನ ವಿದಾಯ. ಎರಿಕ್ ಕ್ಲಾಪ್ಟನ್ ಸೋಲೋ ಶುರು ಮಾಡಿದಾಗ ಅವನ ಗಿಟಾರಿನ ಪಟ್ಟಿ ಕಳಚಿಕೊಳ್ಳುತ್ತದೆ, ಆ ಗುಂಪಿನ ಗಿಟಾರಿಸ್ಟ್ ರಾಬಿ ರಾಬರ್ಟ್‌ಸನ್ ಒಂದು ಕ್ಷಣವೂ ಬಿಡದೆ ಆ ಸೋಲೋವನ್ನು ತನ್ನ ಕೈಗೆ ತೆಗೆದುಕೊಳ್ತಾನೆ. ಹಾಡು ನಿಲ್ಲಲ್ಲ. ಅವತ್ತು ಸಭಾಂಗಣದಲ್ಲಿದ್ದ ಐದು ಸಾವಿರ ಜನರಲ್ಲಿ ಎಷ್ಟು ಮಂದಿಗೆ ಅದು ಕಂಡಿರಬಹುದು? ನನಗೆ ಪ್ರತಿ ಸಲವೂ ಕಾಣುತ್ತದೆ. ಫಿಲ್ಮು ರಾಬರ್ಟ್‌ಸನ್ ಕಡೆಗೇ ಜಾಸ್ತಿ ವಾಲಿದೆ ಅಂತ ಡ್ರಮ್ಮರ್ ಲೆವಾನ್ ಹೆಲ್ಮ್ ಕೊನೆವರೆಗೂ ಬೇಸರಪಟ್ಟುಕೊಂಡಿದ್ದ. ನೋಡಿದರೆ ಅವನ ಮಾತು ನಿಜ ಅಂತಲೂ ಅನಿಸುತ್ತದೆ, ಗುಂಪಿನ ರಿಚರ್ಡ್ ಮ್ಯಾನ್ಯುಯಲ್ ಅಷ್ಟು ಚೆನ್ನಾಗಿ ಹಾಡುವವನು, ಕ್ಯಾಮೆರಾ ಅವನ ಹತ್ತಿರ ಹೋಗುವುದೇ ಅಪರೂಪ.

ಪ್ರೇಕ್ಷಕರನ್ನು ತೋರಿಸುವ ಫಿಲ್ಮುಗಳು ಸಾಮಾನ್ಯವಾಗಿ ನನಗೆ ಹಿಡಿಸಲ್ಲ ಅಂತ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ. ಆದರೆ 'ಮಾಂಟರೇ ಪಾಪ್' (1968) ಇದೆಯಲ್ಲ, ಡಿ.ಎ. ಪೆನ್ನೆಬೇಕರ್ ಮಾಡಿದ್ದು, ಅದರ ಕೊನೆ ಭಾಗ ನೋಡಿ. 1967ರ ಜೂನ್, ಹಗಲು ಹೊತ್ತು, ರವಿಶಂಕರ್ ಸಿತಾರ್, ಅಲ್ಲಾರಖಾ ತಬಲಾ. ರಾಕ್ ಉತ್ಸವದ ಫಿಲ್ಮು ಮುಗಿಯೋದು ಇವರಿಂದ, ಅದೂ ಹೆಚ್ಚುಕಡಿಮೆ ಹದಿನೆಂಟು ನಿಮಿಷ. ಶುರುವಿನಲ್ಲಿ ತುಂಬಾ ಹೊತ್ತು ಸಿತಾರ್ ಕೇಳುತ್ತದೆ ಆದರೆ ಕಾಣಲ್ಲ, ತೆರೆಯ ಮೇಲೆ ಬರೀ ಕೇಳುಗರು. ಮಲಗಿದವರು, ಕಣ್ಣು ಮುಚ್ಚಿದವರು, ಹೂ ಹಿಡಿದವರು, ಅವರ ನಡುವೆ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಕೂಡ ಕೇಳ್ತಾ ಕೂತಿದ್ದಾನೆ. ಆಮೇಲೆ ಲಯ ಏರುತ್ತದೆ, ಸಿತಾರ್ ಮತ್ತು ತಬಲಾ ಒಂದಕ್ಕೊಂದು ಜವಾಬು ಕೊಡೋಕೆ ಶುರು ಮಾಡುತ್ತವೆ, ಕ್ಯಾಮೆರಾ ಆಗ ಅವರಿಬ್ಬರ ಕೈಗೆ ಬಂದು ಅಲ್ಲೇ ಉಳಿಯುತ್ತದೆ. ಮುಗಿದಾಗ ಅಷ್ಟೂ ಜನ ಒಂದೇ ಸಲ ಎದ್ದು ನಿಲ್ತಾರೆ. ನಾಲ್ಕು ವರ್ಷದ ನಂತರ, 1971ರ ಆಗಸ್ಟ್ 1ರಂದು, ಬಾಂಗ್ಲಾದೇಶದ ನಿರಾಶ್ರಿತರ ನೆರವಿಗೆ ನ್ಯೂಯಾರ್ಕಿನಲ್ಲಿ ನಡೆದ ಕಾನ್ಸರ್ಟಿನಲ್ಲಿ ಇದೇ ರವಿಶಂಕರ್ ಶ್ರುತಿ ಮಾಡಿಕೊಂಡಿದ್ದಕ್ಕೇ ಜನ ಚಪ್ಪಾಳೆ ತಟ್ಟಿಬಿಟ್ಟರು. ಅದೂ ಫಿಲ್ಮಿನಲ್ಲಿ ಇದೆ. ಆ ಪ್ರೀತಿಯೂ ನನಗೆ ಅರ್ಥ ಆಗುತ್ತದೆ, ಆದರೆ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಮಾಂಟರೇಯ ಆ ಹದಿನೆಂಟು ನಿಮಿಷವನ್ನೇ ಹಾಕ್ತೀನಿ.