ಮೂರು ತುಂಡು ಪೈಪಿನ ಸ್ಟೆಬಿಲೈಸರ್: ಒಂದು ವರ್ಷ ಬಳಸಿದ ಮೇಲೆ

ಅರ್ಧ ಇಂಚಿನ ಜಿಐ ಪೈಪಿನ ಮೂರು ತುಂಡು, ಪೈಪುಗಳನ್ನು ಕೂಡಿಸುವ 'T' ಆಕಾರದ ಒಂದು ಟೀ, ತುದಿ ಮುಚ್ಚುವ ಮೂರು ಕ್ಯಾಪು ಮತ್ತು ಜಿಮ್‌ನಲ್ಲಿ ಬಳಸುವ ಒಂದೂಕಾಲು ಕಿಲೋದ ಕಬ್ಬಿಣದ ಪ್ಲೇಟು. ನಡೆಯುತ್ತಾ ವಿಡಿಯೋ ತೆಗೆಯಲು ಕಳೆದ ಒಂದು ವರ್ಷದಿಂದ ನಾನು ಬಳಸುತ್ತಿರುವ ಸ್ಟೆಬಿಲೈಸರ್, ಅಂದರೆ ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ, ಇಷ್ಟರಿಂದಲೇ ಆದದ್ದು. ಉಡುಪಿಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಪೈಪು ಕತ್ತರಿಸಿ ತುದಿಗಳಿಗೆ ಥ್ರೆಡ್ ಹಾಕಿಸಿದ ಕೂಲಿಯೂ ಸೇರಿ 860 ರೂಪಾಯಿ ಖರ್ಚಾಯಿತು. ಟೀಯ ಮೇಲ್ಭಾಗದ ಪೈಪಿಗೆ ಕ್ಯಾಮೆರಾ, ಕೆಳಭಾಗದ ಪೈಪಿಗೆ ಪ್ಲೇಟು, ಅಡ್ಡ ಪೈಪು ಹಿಡಿಕೆ.

ಜೋಡಣೆಯಲ್ಲಿ ಎಚ್ಚರ ಬೇಕಾದದ್ದು ಕ್ಯಾಮೆರಾ ಕೂರುವ ಬೋಲ್ಟಿನಲ್ಲಿ. ಕಾಲು ಇಂಚಿನದ್ದು ಕೇಳಿದರೆ ಅಂಗಡಿಯವರು 6 ಮಿಲಿಮೀಟರಿನದ್ದನ್ನು ಕೊಟ್ಟು, "ಎರಡೂ ಒಂದೇ ಮಾರಾಯ್ರೆ" ಎಂದರು. ಒಂದೇ ಅಲ್ಲ. ಕ್ಯಾಮೆರಾದ ಅಡಿಯಲ್ಲಿರುವುದು ಕಾಲು ಇಂಚಿನ, ಇಂಚಿಗೆ 20 ಎಳೆಗಳಿರುವ ಥ್ರೆಡ್. 6 ಮಿಲಿಮೀಟರಿನ ಬೋಲ್ಟು ಅದರೊಳಗೆ ಒಂದು ಸುತ್ತು ಹಿಡಿದಂತೆ ನಟಿಸಿ, ಬಲವಂತ ಮಾಡಿದರೆ ಕ್ಯಾಮೆರಾದ ಎಳೆಗಳನ್ನೇ ಕೆಡಿಸುತ್ತದೆ. ಸರಿಯಾದ ಬೋಲ್ಟು ಸಿಕ್ಕ ಮೇಲೂ ಅದು ಕ್ಯಾಪಿನ ಮೇಲೆ ಸುಮಾರು 5 ಮಿಲಿಮೀಟರಿನಷ್ಟೇ ಕಾಣುವಂತೆ ನಟ್ ಬಿಗಿದು, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರ್ ಹಾಕಿಕೊಂಡೆ.

ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ಸಿನಿಮಾ ಕ್ಯಾಮೆರಾಕ್ಕೆಂದು ರೂಪಿಸಿದ ಸ್ಟೆಬಿಲೈಸರ್ ಆದ ಸ್ಟೆಡಿಕ್ಯಾಮ್‌ನಲ್ಲಿ ಮೂರು ಕೆಲಸಗಳು ಒಟ್ಟಾಗಿ ನಡೆಯುತ್ತವೆ: ತೂಕವನ್ನು ದೂರ ದೂರಕ್ಕೆ ಹಂಚಿ ಸಣ್ಣ ಅಲುಗಾಟಕ್ಕೆ ಸುಲಭವಾಗಿ ತಿರುಗದಂತೆ ಮಾಡುವುದು, ಕೈಯ ತಿರುವು ಕ್ಯಾಮೆರಾವನ್ನು ತಲುಪದಂತೆ ಗಿಂಬಲ್ (ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗುವ ಕೀಲು) ತಡೆಯುವುದು, ಹೆಜ್ಜೆಯ ಏರಿಳಿತವನ್ನು ಸ್ಪ್ರಿಂಗಿನ ತೋಳು ನುಂಗುವುದು. ನನ್ನ ಪೈಪಿನಲ್ಲಿರುವುದು ಮೊದಲನೆಯದು ಮಾತ್ರ. ಇದರ ಗುಣವೂ ಮಿತಿಯೂ ಅಷ್ಟರಲ್ಲೇ ಇವೆ.

ಬೆಳಿಗ್ಗೆ ಜನ ಸೇರುವ ಮೊದಲು ರಥಬೀದಿಯಲ್ಲಿ ಅಷ್ಟಮಠಗಳ ಮುಂದಿನಿಂದ ನಡೆಯುತ್ತಾ ತೆಗೆದ ದೃಶ್ಯಗಳಲ್ಲಿ ಬರಿಗೈಯಲ್ಲಿ ಕಾಣುತ್ತಿದ್ದ ಸಣ್ಣ ನಡುಕ ಸಂಪೂರ್ಣ ಮಾಯವಾಗಿತ್ತು. ಆದರೆ ಪ್ರತಿ ಹೆಜ್ಜೆಗೂ ಚಿತ್ರ ಮೇಲೆ ಕೆಳಗೆ ಕುಣಿಯುವುದು ಹಾಗೆಯೇ ಉಳಿದಿತ್ತು. ಅದನ್ನು ಕಾಲಿನಿಂದಲೇ ಕಲಿಯಬೇಕು. ತುಂಬಿದ ಕೊಡಪಾನವನ್ನು ಸೊಂಟದಲ್ಲಿಟ್ಟುಕೊಂಡು ಬಾವಿಕಟ್ಟೆಯಿಂದ ಬರುವವರ ನಡಿಗೆಯನ್ನು ನೆನೆದು, ಮಂಡಿಯನ್ನು ತುಸು ಬಾಗಿಸಿ, ಹಿಮ್ಮಡಿಯಿಂದ ಬೆರಳಿನತ್ತ ಪಾದವನ್ನು ಉರುಳಿಸುತ್ತಾ ಹೋಗಲು ನನಗೆ ಎರಡು ವಾರ ಬೇಕಾಯಿತು. ಚಪ್ಪಲಿ ಕಳಚಿದ್ದರಿಂದ ಹೆಚ್ಚು ಉಪಯೋಗವಾಯಿತು. ಅಗಲ ನೋಟದ 18 ಮಿಲಿಮೀಟರ್ ಲೆನ್ಸಿನಲ್ಲಿ ಉಳಿದ ಕುಣಿತ ಕಣ್ಣಿಗೆ ಬೀಳುವುದಿಲ್ಲ. ನೋಟ ಕಿರಿದಾಗುವ 50ರಲ್ಲಿ ಪ್ರಯತ್ನಿಸುವುದೇ ವ್ಯರ್ಥ.

ಕ್ಯಾಮೆರಾ ಸೇರಿ ಒಟ್ಟು ತೂಕ ಮೂರು ಕಿಲೋ ಸಮೀಪ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಂದು ಹುಲಿವೇಷದ ತಂಡವೊಂದರ ಹಿಂದೆ ಹೋದಾಗ ನಾಲ್ಕು ನಿಮಿಷಕ್ಕೆ ಮುಂಗೈ ಸೋತು, ಹುಲಿಕುಣಿತದ ವಾದ್ಯವಾದ ತಾಸೆಯ ಪೆಟ್ಟಿಗಿಂತ ಜೋರಾಗಿ ನಡುಗತೊಡಗಿತು. ಹಿಡಿಕೆ ಒಂದೇ ಬದಿಗೆ ಇರುವುದರಿಂದ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಇನ್ನೊಂದು ಕೈಯಿಂದ ಕೆಳಗಿನ ಪೈಪನ್ನು ಮೆಲ್ಲಗೆ ಹಿಡಿದರೆ ಪರವಾಗಿಲ್ಲ. ನೂಕುನುಗ್ಗಲಿನಲ್ಲಿ ಪ್ಲೇಟು ಪಕ್ಕದವರ ಮಂಡಿಗೆ ತಾಗಿ ಬೈಸಿಕೊಂಡದ್ದೂ ಆಯಿತು. ಜನಜಂಗುಳಿಗೆ ಇದು ಹೇಳಿದ ಸಾಧನವಲ್ಲ.

ಮೊಬೈಲಿನ ಎಲೆಕ್ಟ್ರಾನಿಕ್ ಸ್ಥಿರೀಕರಣ ಸಾಲದೇ ಎಂದು ಕೇಳುವವರಿಗೆ ಒಂದು ಮಾತು. ಅದು ಚಿತ್ರದ ಅಂಚುಗಳನ್ನು ಕತ್ತರಿಸಿ ಉಳಿದದ್ದನ್ನು ನೇರವಾಗಿಸುತ್ತದೆ. ಬೆಳಕು ಕಡಿಮೆಯಿದ್ದು ಶಟರ್ ನಿಧಾನವಾದಾಗ ಪ್ರತಿ ಚೌಕಟ್ಟಿನಲ್ಲೂ ಉಂಟಾಗುವ ಮಸುಕನ್ನು ಅಳಿಸಲಾರದು. ಆ ಮಸುಕು ಹುಟ್ಟುವ ಮೊದಲೇ ಅಲುಗಾಟವನ್ನು ಕಡಿಮೆ ಮಾಡುವುದರಿಂದ ದೀಪದ ಬೆಳಕಿನ ಚಿತ್ರೀಕರಣದಲ್ಲಿ ನನ್ನ ಪೈಪೇ ಮೇಲು. ಮೋಟಾರಿನ ಗಿಂಬಲ್ ಜೊತೆ ಮಾತ್ರ ಇದನ್ನು ಹೋಲಿಸಬಾರದು. ಮದುವೆಯ ಕೆಲಸಕ್ಕೆ ದುಡ್ಡು ಪಡೆಯುವವರು ಅದನ್ನೇ ಕೊಳ್ಳಲಿ.

ಕರಾವಳಿಯಲ್ಲಿ ಇದನ್ನು ಮಾಡಿಕೊಳ್ಳುವವರು ತುಕ್ಕನ್ನು ಲೆಕ್ಕಕ್ಕೆ ಹಿಡಿಯಬೇಕು. ಜಿಐ ಪೈಪಿಗೆ ಸತುವಿನ ಲೇಪವಿದ್ದರೂ ಥ್ರೆಡ್ ಹಾಕುವಾಗ ಆ ಭಾಗದ ಲೇಪ ಹೋಗಿ ಬರಿಯ ಕಬ್ಬಿಣ ಉಳಿಯುತ್ತದೆ. ಮಲ್ಪೆಯ ಕಡಲತೀರದಲ್ಲಿ ಕೆಲವು ಸಂಜೆ ಬಳಸಿ, ಒರೆಸದೆ ಒಂದು ಮಳೆಗಾಲ ಮೂಲೆಯಲ್ಲಿಟ್ಟದ್ದಕ್ಕೆ ಹಿಡಿಕೆ ಟೀಯನ್ನು ಕಚ್ಚಿಕೊಂಡುಬಿಟ್ಟಿತ್ತು. ಪ್ಲಂಬರಿನ ಪೈಪ್ ರೆಂಚಿನಿಂದ ಬಿಚ್ಚಿಸಿ, ಎಳೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಗ್ರೀಸ್ ಹಚ್ಚಿದ್ದೇನೆ. ಈಗ ಕೈಯಲ್ಲೇ ತಿರುಗುತ್ತದೆ.